ಇಪ್ಪತ್ತು ಎಣಿಸುವಷ್ಟು ಹೊತ್ತು



ಮೈಕಿನ ಮುಂದೆ ಕೂತು ಮಾತಾಡುವುದು ನನಗೆ ಹೊಸದಲ್ಲ. 22 ವರ್ಷಗಳಿಂದ ನನ್ನ ಕೆಲಸವೇ ಅದು. ಆದರೆ ನನ್ನ ಮಾತು ಕೇಳುವವರು ಒಂದು ಸಲಕ್ಕೆ ಒಬ್ಬರೇ. ಅವರು ದಪ್ಪ ಕಾಂಕ್ರೀಟ್ ಗೋಡೆಯ ಕೋಣೆಯೊಳಗೆ, ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಚಾಚಿಕೊಂಡು ಅಂಗಾತ ಮಲಗಿರುತ್ತಾರೆ. ನಾನು ಹೊರಗೆ ಪರದೆ ನೋಡುತ್ತ ಕೂತಿರುತ್ತೇನೆ. ಹೇಳುವುದು ಮೂರೇ ಮಾತು: ‘ಉಸಿರು ಎಳ್ಕೊಳ್ಳಿ. ಹಾಗೇ ಹಿಡ್ಕೊಂಡಿರಿ. ಬಿಡಿ, ಆರಾಮಾಗಿರಿ.’ ಎರಡನೆಯ ಮಾತಿಗೂ ಮೂರನೆಯದಕ್ಕೂ ನಡುವೆ ಸುಮಾರು 20 ಸೆಕೆಂಡು. ಆ 20 ಸೆಕೆಂಡಿನ ವಿಷಯ ಹೇಳಲೆಂದೇ ಇವತ್ತು ಈ ರೇಡಿಯೋಗೆ ಬಂದಿದ್ದೇನೆ.

ನಾನು ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ರೇಡಿಯೋಥೆರಪಿ ಟೆಕ್ನಾಲಜಿಸ್ಟ್. ಈ ಹೆಸರು ಯಾರ ಬಾಯಲ್ಲೂ ನಿಲ್ಲುವುದಿಲ್ಲ. ಊರುಗಳಿಂದ ಬಂದವರು ನಮ್ಮನ್ನು ‘ಕರೆಂಟ್ ಕೊಡೋರು’ ಅನ್ನುತ್ತಾರೆ. ಆ ‘ಕರೆಂಟ್’ ಎಂಬ ಮಾತಿನಿಂದಲೇ ಅರ್ಧ ಭಯ ಹುಟ್ಟುತ್ತದೆ. ಮೈಗೆ ಶಾಕ್ ಹೊಡೆಯುತ್ತದೆ ಎಂದು ನಂಬಿ ಬಂದವರನ್ನು ದಿನವೂ ನೋಡುತ್ತೇನೆ. ನಿಜವಾಗಿ ಅದು ಎಕ್ಸ್‌ರೇ ಜಾತಿಯದೇ, ಅದಕ್ಕಿಂತ ಬಹಳ ಬಲವಾದ ಕಿರಣ. ಬೀಳುವಾಗ ನೋವಿಲ್ಲ, ಬಿಸಿಯಿಲ್ಲ, ಕಣ್ಣಿಗೂ ಕಾಣುವುದಿಲ್ಲ. ದಿನ ಕಳೆದಂತೆ ಚರ್ಮ ಕಪ್ಪಾಗುತ್ತದೆ, ಸ್ವಲ್ಪ ಉರಿಯುತ್ತದೆ, ಆಮೇಲೆ ಮಾಯುತ್ತದೆ.

ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಗಂಟು ಹೋದ ಮೇಲೆ ಮತ್ತೆ ಕರೆಂಟ್ ಯಾಕೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಚಾಕುವಿಗೂ ಕಣ್ಣಿಗೂ ಸಿಗದ ಕೆಲವು ಜೀವಕೋಶಗಳು ಅಲ್ಲೇ ಉಳಿದಿರಬಹುದು. ಅವನ್ನು ಮುಗಿಸುವುದು ಈ ಕಿರಣದ ಕೆಲಸ. ಸ್ತನವನ್ನು ಉಳಿಸಿಕೊಂಡು ಗಂಟನ್ನಷ್ಟೇ ತೆಗೆಸಿಕೊಂಡ 10,801 ಹೆಂಗಸರ ಲೆಕ್ಕವನ್ನು 17 ಅಧ್ಯಯನಗಳಿಂದ ಒಟ್ಟುಮಾಡಿ 2011ರಲ್ಲಿ ಪ್ರಕಟಿಸಿದರು. ಹತ್ತು ವರ್ಷದೊಳಗೆ ರೋಗ ಮರುಕಳಿಸಿದ್ದು, ಕಿರಣ ಪಡೆಯದವರಲ್ಲಿ ನೂರಕ್ಕೆ 35 ಮಂದಿಗೆ. ಪಡೆದವರಲ್ಲಿ ನೂರಕ್ಕೆ 19 ಮಂದಿಗೆ. ಹದಿನೈದು ವರ್ಷದ ಹೊತ್ತಿಗೆ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡವರು ಮೊದಲಿನ ಗುಂಪಿನಲ್ಲಿ ನೂರಕ್ಕೆ 25, ಎರಡನೆಯದರಲ್ಲಿ 21. ಈ ಅಂಕಿಯನ್ನು ಮೊದಲೇ ಹೇಳಿಬಿಟ್ಟಿದ್ದಕ್ಕೆ ಕಾರಣವಿದೆ. ಮುಂದೆ ನಾನು ಹೃದಯದ ಮಾತು ಎತ್ತುತ್ತೇನೆ. ಅದನ್ನು ಅರ್ಧ ಕೇಳಿ ರೇಡಿಯೋ ಆರಿಸಿ, ‘ನನಗೆ ಕರೆಂಟೇ ಬೇಡ’ ಎಂದು ಯಾರೂ ತೀರ್ಮಾನ ಮಾಡಬಾರದು.

ಹೃದಯ ಇರುವುದು ಎದೆಯ ನಡುವೆ, ಎಡಕ್ಕೆ ವಾಲಿಕೊಂಡು. ಅದರ ಮುಂಭಾಗ ಎಡಗಡೆಯ ಪಕ್ಕೆಲುಬುಗಳ ಹಿಂದೆಯೇ ಇರುತ್ತದೆ. ಹೃದಯಕ್ಕೇ ರಕ್ತ ಒಯ್ಯುವ ಮುಖ್ಯ ನಾಳವೊಂದು ಅದೇ ಮುಂಭಾಗದಲ್ಲಿ ಇಳಿದು ಬರುತ್ತದೆ. ಡಾಕ್ಟರುಗಳು ಅದನ್ನು ಎಲ್‌ಎಡಿ ಅನ್ನುತ್ತಾರೆ. ಹಾರ್ಟ್ ಅಟ್ಯಾಕ್ ಆದವರ ರಿಪೋರ್ಟುಗಳಲ್ಲಿ ಈ ಮೂರಕ್ಷರವನ್ನು ನಿಮ್ಮಲ್ಲಿ ಹಲವರು ಓದಿರುತ್ತೀರಿ. ಎಡ ಸ್ತನಕ್ಕೆ ಕಿರಣ ಕೊಡುವಾಗ ನಾವು ಅದನ್ನು ನೇರ ಹೊಡೆಯುವುದಿಲ್ಲ. ಎರಡು ಪಕ್ಕಗಳಿಂದ ಓರೆಯಾಗಿ, ಎದೆಗೂಡನ್ನು ಸವರಿಕೊಂಡು ಹೋಗುವಂತೆ ಕೊಡುತ್ತೇವೆ. ಹಾಗೆ ಸವರುವಾಗಲೂ ಹೃದಯದ ಒಂದು ಅಂಚು, ಆ ನಾಳದ ಒಂದು ತುಂಡು ಕಿರಣದ ದಾರಿಗೆ ಸಿಕ್ಕಿಕೊಳ್ಳುತ್ತದೆ.

ಹಳೆಯ ಕಾಲದ ಯಂತ್ರಗಳಲ್ಲಿ ಇದು ಇನ್ನೂ ಹೆಚ್ಚು ಸಿಕ್ಕುತ್ತಿತ್ತು. ಆಗ ಚಿಕಿತ್ಸೆ ಪಡೆದವರನ್ನು ದಶಕಗಟ್ಟಲೆ ಬಿಡದೆ ವಿಚಾರಿಸುತ್ತ ಬಂದಾಗ ಮನಸ್ಸಿಗೆ ಕಸಿವಿಸಿಯಾಗುವ ಸಂಗತಿ ಹೊರಬಿತ್ತು. ಕ್ಯಾನ್ಸರ್‌ನಿಂದ ಸಾಯುವವರು ಕಡಿಮೆಯಾಗಿದ್ದರು, ಆದರೆ ಹೃದಯದ ಕಾಯಿಲೆಯಿಂದ ಸಾಯುವವರು ಹೆಚ್ಚಾಗಿದ್ದರು. ಒಂದು ಕೈಯಲ್ಲಿ ಕೊಟ್ಟದ್ದರಲ್ಲಿ ಒಂದು ಪಾಲನ್ನು ಇನ್ನೊಂದು ಕೈ ವಾಪಸು ತೆಗೆದುಕೊಂಡಿತ್ತು.

ಎಷ್ಟು ಎಂಬುದು ನಿಖರವಾಗಿ ಗೊತ್ತಾದದ್ದು 2013ರಲ್ಲಿ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಾರಾ ಡಾರ್ಬಿ ಮತ್ತು ಅವರ ಸಂಗಡಿಗರು ಸ್ವೀಡನ್ ಮತ್ತು ಡೆನ್ಮಾರ್ಕ್‌ನಲ್ಲಿ 1958ರಿಂದ 2001ರವರೆಗೆ ಕಿರಣ ಚಿಕಿತ್ಸೆ ಪಡೆದ 2,168 ಹೆಂಗಸರ ಕಡತಗಳನ್ನು ತೆಗೆದು ಕೂತರು. ಒಬ್ಬೊಬ್ಬರ ಹೃದಯಕ್ಕೂ ಆಗ ಎಷ್ಟು ಕಿರಣ ಬಿದ್ದಿರಬೇಕು ಎಂದು ಲೆಕ್ಕ ಕಟ್ಟಿದರು. ಕಿರಣವನ್ನು ನಾವು ಅಳೆಯುವುದು ‘ಗ್ರೇ’ ಎಂಬ ಅಳತೆಯಲ್ಲಿ. ಹೃದಯಕ್ಕೆ ಬೀಳುವ ಸರಾಸರಿ ಪ್ರಮಾಣ ಒಂದೊಂದು ಗ್ರೇ ಏರಿದಂತೆಯೂ ಹಾರ್ಟ್ ಅಟ್ಯಾಕ್‌ನಂಥ ದೊಡ್ಡ ತೊಂದರೆಯ ಸಂಭವ ಶೇಕಡಾ 7.4ರಷ್ಟು ಏರುತ್ತದೆ ಎಂದು ಕಂಡುಬಂತು. ಇಷ್ಟರ ಒಳಗಿದ್ದರೆ ಏನೂ ಆಗುವುದಿಲ್ಲ ಎಂಬ ಗೆರೆ ಅವರಿಗೆ ಸಿಗಲಿಲ್ಲ. ತೊಂದರೆ ಮೊದಲ ಐದು ವರ್ಷದೊಳಗೇ ತಲೆ ಎತ್ತಿ, ಇಪ್ಪತ್ತು ವರ್ಷ ದಾಟಿದ ಮೇಲೂ ಕಾಣಿಸಿಕೊಳ್ಳುತ್ತಲೇ ಇತ್ತು.

ಈ 7.4 ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಅದು ಬಡ್ಡಿ ಇದ್ದ ಹಾಗೆ. ಅಸಲು ಚಿಕ್ಕದಿದ್ದರೆ ಬಡ್ಡಿಯೂ ಚಿಕ್ಕದು. ಬೇರೆ ಯಾವ ಹೃದಯದ ತೊಂದರೆಯ ಸುಳಿವೂ ಇಲ್ಲದ 50 ವರ್ಷದ ಹೆಂಗಸಿನ ಹೃದಯಕ್ಕೆ ಸರಾಸರಿ 3 ಗ್ರೇ ಬಿತ್ತು ಎನ್ನಿ. 80 ವರ್ಷ ತುಂಬುವುದರೊಳಗೆ ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಸಂಭವ ಸಾವಿರಕ್ಕೆ 19 ಇದ್ದದ್ದು 24 ಆಗುತ್ತದೆ. ಅಷ್ಟೇ. ಆದರೆ ಬಿಪಿ, ಸಕ್ಕರೆ ಕಾಯಿಲೆ ಮೊದಲೇ ಇದ್ದವರಿಗೆ ಅಸಲೇ ದೊಡ್ಡದು. ಜೊತೆಗೆ ಕೆಲವರಿಗೆ ಕೊಡುವ ಕೀಮೋ ಔಷಧಿಗಳಲ್ಲೂ ಹೃದಯವನ್ನು ಬಳಲಿಸುವಂಥವು ಇವೆ. ನಮ್ಮ ದೇಶದ ಹೆಂಗಸರಿಗೆ ಸ್ತನ ಕ್ಯಾನ್ಸರ್ ಪಶ್ಚಿಮದ ದೇಶಗಳವರಿಗಿಂತ ಚಿಕ್ಕ ವಯಸ್ಸಿಗೇ ಬರುತ್ತಿದೆ. 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1,92,000 ಹೊಸ ರೋಗಿಗಳು ಎಂಬುದು ಅಂದಾಜು. ನನ್ನ ಟೇಬಲ್ಲಿನ ಮೇಲೆ ಮಲಗುವವರಲ್ಲಿ ಎಷ್ಟೋ ಮಂದಿಗೆ ನಲವತ್ತು, ನಲವತ್ತೈದು. ಕ್ಯಾನ್ಸರ್ ವಾಸಿಯಾದರೆ ಅವರ ಹೃದಯ ಇನ್ನೂ ಮೂವತ್ತು, ನಲವತ್ತು ವರ್ಷ ದುಡಿಯಬೇಕು. ಸಾವಿರದಲ್ಲಿ ಐದು ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಈಗ ಉಸಿರಿನ ವಿಷಯ. ವಾಹನ ಓಡಿಸುತ್ತಿರುವವರನ್ನು ಬಿಟ್ಟು ಉಳಿದವರು ಕೂತಲ್ಲೇ ಬಲಗೈಯನ್ನು ಎದೆಯ ಎಡಭಾಗದ ಮೇಲೆ ಇಟ್ಟುಕೊಳ್ಳಿ. ನಿಧಾನವಾಗಿ, ತುಂಬ ಉಸಿರು ಎಳೆದುಕೊಳ್ಳಿ. ಕೈ ಮೇಲಕ್ಕೆ ಬಂತಲ್ಲ? ಎದೆಗೂಡು ಮುಂದಕ್ಕೆ ಬರುತ್ತಿರುವಾಗ ಒಳಗೆ ಇನ್ನೊಂದು ಕೆಲಸ ನಡೆಯುತ್ತದೆ. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆ ಇದೆ. ಹೃದಯದ ಚೀಲದ ತಳ ಅದಕ್ಕೇ ಅಂಟಿಕೊಂಡಿದೆ. ಉಸಿರು ಎಳೆದಾಗ ವಪೆ ಕೆಳಗಿಳಿಯುತ್ತದೆ, ಅದರ ಜೊತೆಗೇ ಹೃದಯವೂ ಕೆಳಕ್ಕೆ, ಹಿಂದಕ್ಕೆ ಸರಿಯುತ್ತದೆ. ಗಾಳಿ ತುಂಬಿದ ಶ್ವಾಸಕೋಶ ಹೃದಯಕ್ಕೂ ಪಕ್ಕೆಲುಬಿಗೂ ನಡುವೆ ಬಂದು ಹಾಸಿಕೊಳ್ಳುತ್ತದೆ. ಹಲವರಲ್ಲಿ ಒಂದು ಬೆರಳಿನ ಅಗಲದಷ್ಟು ತೆರಪು ಸಿಗುತ್ತದೆ. ಕಿರಣ ಸವರಿ ಹೋಗಲು ನಮಗೆ ಅಷ್ಟು ಸಾಕು. ಉಸಿರು ಹಿಡಿದಿರುವಾಗ ಮಾತ್ರ ಕಿರಣ ಬಿಟ್ಟರೆ, ಹೃದಯಕ್ಕೆ ಬೀಳುವ ಸರಾಸರಿ ಪ್ರಮಾಣ ಬಹಳ ಮಂದಿಯಲ್ಲಿ ಅರ್ಧದಷ್ಟಾಗುತ್ತದೆ.

ಮೊದಲ ಸಲ ಎರಡು ಸಿಟಿ ಸ್ಕ್ಯಾನ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದು ನನಗೆ ಇನ್ನೂ ನೆನಪಿದೆ. ಒಬ್ಬರದೇ ಎದೆ. ಒಂದು ಚಿತ್ರ ಸಾಮಾನ್ಯ ಉಸಿರಾಟದಲ್ಲಿ ತೆಗೆದದ್ದು, ಅದರಲ್ಲಿ ಹೃದಯ ಪಕ್ಕೆಲುಬಿಗೆ ಮುಖ ಒತ್ತಿಕೊಂಡಿತ್ತು. ಇನ್ನೊಂದರಲ್ಲಿ ಅದು ದೂರ ಸರಿದು ನಿಂತಿತ್ತು, ನಡುವೆ ಕಪ್ಪಗೆ ಗಾಳಿ. ಯಾವ ಔಷಧಿಯೂ ಇಲ್ಲದೆ, ಯಾವ ಚಾಕುವೂ ಇಲ್ಲದೆ. ನಮ್ಮ ಫಿಸಿಸಿಸ್ಟ್ ಮೌಸ್‌ನ ಬಾಣವನ್ನು ಆ ಕಪ್ಪು ಜಾಗದ ಮೇಲೆ ಎರಡು ಮೂರು ಸಲ ಓಡಿಸಿ ಸುಮ್ಮನಾದರು. ನಾನೂ ಏನೂ ಹೇಳಲಿಲ್ಲ.

ಇದನ್ನು ಮಾಡುವ ದಾರಿಗಳು ಹಲವು. 1999ರಲ್ಲಿ ಅಮೆರಿಕದ ಮಿಶಿಗನ್‌ನ ವಿಲಿಯಂ ಬೋಮಾಂಟ್ ಆಸ್ಪತ್ರೆಯ ಜಾನ್ ವಾಂಗ್ ಮತ್ತು ಸಂಗಡಿಗರು ಒಂದು ಸಾಧನದ ವಿವರ ಪ್ರಕಟಿಸಿದರು. ಅದರಲ್ಲಿ ರೋಗಿ ಬಾಯಲ್ಲಿ ಕೊಳವೆ ಕಚ್ಚಿಕೊಂಡು, ಮೂಗಿಗೆ ಕ್ಲಿಪ್ ಹಾಕಿಕೊಂಡು ಉಸಿರಾಡುತ್ತಾರೆ. ನಿಗದಿಯಾದಷ್ಟು ಗಾಳಿ ಒಳಗೆ ಹೋದ ಕೂಡಲೇ ಒಂದು ಕವಾಟ ಮುಚ್ಚಿಕೊಳ್ಳುತ್ತದೆ. ಇನ್ನೊಂದು ಬಗೆಯಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಪ್ಲಾಸ್ಟಿಕ್ ಡಬ್ಬಿಯನ್ನು ಎದೆಯ ಕೆಳಗೆ, ಹೊಟ್ಟೆ ಶುರುವಾಗುವಲ್ಲಿ ಇಡುತ್ತಾರೆ. ಅದರ ಮೇಲಿನ ಹೊಳೆಯುವ ಚುಕ್ಕೆಗಳನ್ನು ಕ್ಯಾಮೆರಾ ಗಮನಿಸುತ್ತಿರುತ್ತದೆ. ಉಸಿರಿನ ಏರಿಳಿತ ನನ್ನ ಪರದೆಯ ಮೇಲೆ ಅಲೆಯಾಗಿ ಓಡುತ್ತದೆ. ಅಲೆ ಮೇಲೇರಿ, ಕೆಲವೇ ಮಿಲಿಮೀಟರ್ ಅಗಲದ ಪಟ್ಟಿಯೊಳಗೆ ನಿಂತಾಗ ಮಾತ್ರ ಕಿರಣ ಹೊರಡುತ್ತದೆ. ಕೆಮ್ಮು ಬಂದರೆ, ಉಸಿರು ಜಾರಿದರೆ, ಯಂತ್ರ ತಾನಾಗಿಯೇ ನಿಲ್ಲುತ್ತದೆ. ಈಚಿನ ವ್ಯವಸ್ಥೆಗಳಲ್ಲಿ ಡಬ್ಬಿಯೂ ಬೇಡ. ಚರ್ಮದ ಮೇಲೆ ಬೆಳಕು ಚೆಲ್ಲಿ, ಇಡೀ ಎದೆಯ ಆಕಾರವನ್ನೇ ಕ್ಯಾಮೆರಾಗಳು ಓದಿಕೊಳ್ಳುತ್ತವೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇಂಗ್ಲೆಂಡಿನ ರಾಯಲ್ ಮಾರ್ಸ್‌ಡೆನ್ ಆಸ್ಪತ್ರೆಯವರು ಮಾಡಿ ತೋರಿಸಿದ ಬಡವರ ದಾರಿ. ‘ಹಾರ್ಟ್‌ಸ್ಪೇರ್’ ಎಂಬ ಅವರ ಅಧ್ಯಯನ 2013ರಲ್ಲಿ ಹೊರಬಂತು. ಕೊಳವೆ, ಕವಾಟದ ದುಬಾರಿ ಸಾಧನವನ್ನು ಒಂದು ಕಡೆ ಇಟ್ಟರು. ರೋಗಿ ತಾವಾಗಿಯೇ ಉಸಿರು ಹಿಡಿಯುವುದನ್ನು ಇನ್ನೊಂದು ಕಡೆ ಇಟ್ಟು ಹೋಲಿಸಿದರು. ಈ ಎರಡನೆಯದಕ್ಕೆ ಬೇಕಾದದ್ದು ಚರ್ಮದ ಮೇಲಿನ ಗುರುತು, ಯಂತ್ರದ ತಲೆಯಿಂದ ಬೀಳುವ ಬೆಳಕು, ಕೋಣೆಯ ಕ್ಯಾಮೆರಾ. ಉಸಿರು ಒಳಗೆ ಹೋದಂತೆ ಗುರುತು ಸರಿಯುತ್ತ ಬಂದು ಬೆಳಕಿನ ಅಂಚಿಗೆ ಕೂಡಿಕೊಳ್ಳುತ್ತದೆ. ಅದು ಕೂಡಿದ್ದನ್ನು ಹೊರಗಿನಿಂದ ನೋಡಿ ಟೆಕ್ನಾಲಜಿಸ್ಟ್ ಕಿರಣ ಬಿಡುತ್ತಾರೆ. ಹೃದಯ ಉಳಿಸುವುದರಲ್ಲಿ ಎರಡೂ ಸರಿಸಮ ನಿಂತವು. ರೋಗಿಗಳಿಗೂ ನಮ್ಮಂಥ ಕೆಲಸಗಾರರಿಗೂ ಎರಡನೆಯದೇ ಮೆಚ್ಚುಗೆಯಾಯಿತು. ಸಮಯವೂ ಕಡಿಮೆ, ಖರ್ಚೂ ಕಡಿಮೆ. ಕೋಟಿಗಟ್ಟಲೆ ಕೊಟ್ಟು ಯಂತ್ರ ತಂದ ಮೇಲೆ ಇನ್ನೊಂದಷ್ಟು ಲಕ್ಷಕ್ಕೆ ಪರದಾಡುವ ನಮ್ಮ ಊರುಗಳ ಆಸ್ಪತ್ರೆಗಳಿಗೆ ಇದು ಸಣ್ಣ ಸುದ್ದಿಯಲ್ಲ.

ಆದರೆ ಒಂದು ಸಾಮಾನು ಮಾತ್ರ ಕಡಿಮೆ ಬೆಲೆಗೆ ಸಿಗುವುದಿಲ್ಲ. ಅದು ಪುರುಸೊತ್ತು. ಉಸಿರು ಹಿಡಿಯುವುದನ್ನು ಕಲಿಸಬೇಕು. ಸ್ಕ್ಯಾನ್‌ಗೆ ಮೊದಲು ಅರ್ಧ ಗಂಟೆಯಾದರೂ ಪಕ್ಕದಲ್ಲಿ ಕೂತು ಹೇಳಿಕೊಡಬೇಕು. ಸಾಲು ಉದ್ದವಾದ ದಿನ ಮೊದಲು ಕತ್ತರಿ ಬೀಳುವುದು ಈ ಅರ್ಧ ಗಂಟೆಗೇ. ಒಮ್ಮೆ ಹಾಗೇ ಆಯಿತು. ಅವತ್ತು ಒಂದು ಯಂತ್ರ ಕೆಟ್ಟು ಎರಡರ ಸಾಲು ಒಂದೇ ಬಾಗಿಲಿಗೆ ಬಂದಿತ್ತು. ಒಬ್ಬರನ್ನು ಅಭ್ಯಾಸವಿಲ್ಲದೆ ನೇರ ಸ್ಕ್ಯಾನ್ ಟೇಬಲ್ಲಿಗೆ ಹತ್ತಿಸಿದೆ. ಎಂಟು ಎಣಿಸುವುದರೊಳಗೆ ಅವರ ಉಸಿರು ಜಾರುತ್ತಿತ್ತು. ಮೂರು ಸಲ ನೋಡಿ, ಇವರಿಗೆ ಆಗುವುದಿಲ್ಲ ಎಂದು ಬರೆದೆ. ಡಾಕ್ಟರು ಸಾಮಾನ್ಯ ಉಸಿರಾಟದಲ್ಲೇ, ಹೃದಯವನ್ನು ಆದಷ್ಟು ಮರೆಮಾಡಿ ಚಿಕಿತ್ಸೆ ಕೊಟ್ಟರು. ಅವರಿಗೆ ಮುಂದೆ ಏನೂ ತೊಂದರೆಯಾಗದಿರಬಹುದು, ಆಗಬಾರದು. ಆದರೆ ಎರಡು ದಿನ ಅಭ್ಯಾಸ ಮಾಡಿಸಿದ್ದರೆ ಅವರಿಗೂ ಬರುತ್ತಿತ್ತೇನೋ ಎಂಬುದು ನನ್ನ ಮನಸ್ಸಿನಿಂದ ಹೋಗಿಲ್ಲ.

ಕಲಿಸುವಾಗ ಮಾತೂ ಮುಖ್ಯ. ಮೊದಮೊದಲು ನಾನು ‘ಉಸಿರು ಕಟ್ಟಿ’ ಅನ್ನುತ್ತಿದ್ದೆ. ಹಾಸನದ ಕಡೆಯ ಒಬ್ಬ ತಾಯಿ, ಐವತ್ತು ದಾಟಿದವರು, ಪ್ರತಿ ಸಲವೂ ಆ ಮಾತಿಗೆ ಬೆಚ್ಚಿ ಉಸಿರು ಬಿಟ್ಟುಬಿಡುತ್ತಿದ್ದರು. ಕೆಳಗಿಳಿಸಿ ಕೂರಿಸಿ ಕೇಳಿದೆ. ‘ನಮ್ಮತ್ತೆ ಉಸಿರು ಕಟ್ಟೇ ಹೋದದ್ದು ಕಣವ್ವ, ನನ್ನ ತೊಡೆ ಮೇಲೆ’ ಅಂದರು. ಅವತ್ತಿನಿಂದ ಆ ಮಾತು ಬಿಟ್ಟೆ. ‘ತುಂಬಿದ ಕೊಡ ಎತ್ತೋವಾಗ ಹಿಡೀತೀವಲ್ಲ, ಹಂಗಾ?’ ಎಂದು ಅವರೇ ಕೇಳಿದರು. ಅಷ್ಟು ಬಿಗಿ ಬೇಡ ಅಮ್ಮ, ಹೊಟ್ಟೆ ಗಟ್ಟಿ ಮಾಡಬೇಡಿ, ಸಂಪಿಗೆ ಹೂವು ಮೂಸೋವಾಗ ಎಳ್ಕೊಳ್ತೀರಲ್ಲ, ಹಾಗೆ ಅಂದೆ. ಅವರು ಕಣ್ಣು ಮುಚ್ಚಿದರು. ಮೂಗಿನ ಹೊಳ್ಳೆ ಅರಳಿತು, ಎದೆ ನಿಧಾನವಾಗಿ ಏರಿ ನಿಂತಿತು. ಭುಜ ಅಲುಗಲಿಲ್ಲ. ಪಕ್ಕದಲ್ಲಿ ನಿಂತ ಸೊಸೆ ಬೆರಳು ಮಡಚಿ ಎಣಿಸುತ್ತಿದ್ದಳು. ಇಪ್ಪತ್ತೆರಡಕ್ಕೆ ಬಂದಾಗ ನಾನೇ ಸಾಕು ಅಂದೆ.

ತಪ್ಪುಗಳು ಎರಡು ಥರ. ಒಂದು, ಉಸಿರು ಎಳೆಯುವ ಬದಲು ಬೆನ್ನನ್ನು ಕಮಾನಿನ ಹಾಗೆ ಎತ್ತುವುದು. ಪರದೆಯ ಮೇಲೆ ಅಲೆ ಏರುತ್ತದೆ, ಎದೆಯೂ ಮೇಲೆ ಬಂದಿರುತ್ತದೆ, ಆದರೆ ಒಳಗೆ ಗಾಳಿ ತುಂಬಿರುವುದಿಲ್ಲ, ಹೃದಯ ಇದ್ದಲ್ಲೇ ಇರುತ್ತದೆ. ಇದನ್ನು ಅಲೆ ಹೇಳುವುದಿಲ್ಲ, ಕಣ್ಣಿಟ್ಟು ನೋಡುವವರೇ ಹಿಡಿಯಬೇಕು. ಅದಕ್ಕೇ ನಾನು ಅಭ್ಯಾಸದ ದಿನ ಸೊಂಟದ ಕೆಳಗೆ ಕೈ ತೂರಿಸಿ ನೋಡುತ್ತೇನೆ. ಇನ್ನೊಂದು, ಹೇಳಿದ್ದಕ್ಕಿಂತ ಹೆಚ್ಚು ಎಳೆಯುವುದು. ಪ್ರಾಣಾಯಾಮ ಮಾಡುವವರಿಗೆ ಪೂರಕ, ಕುಂಭಕ ಗೊತ್ತಿರುತ್ತದೆ, ಬೇಗ ಕಲಿಯುತ್ತಾರೆ. ಆದರೆ ವರ್ಷಗಟ್ಟಲೆ ಯೋಗ ಹೇಳಿಕೊಟ್ಟ ಒಬ್ಬ ಟೀಚರ್ ದಿನದಿನಕ್ಕೂ ಹೆಚ್ಚು ಹೆಚ್ಚು ತುಂಬಿಕೊಳ್ಳುತ್ತ ಪಟ್ಟಿಯ ಮೇಲಕ್ಕೆ ದಾಟಿಹೋಗುತ್ತಿದ್ದರು. ಇಲ್ಲಿ ಬೇಕಾದದ್ದು ಸ್ಕ್ಯಾನ್ ದಿನ ಎಳೆದಷ್ಟೇ ಉಸಿರು. ಹದಿನೈದು ದಿನವೂ ಅಷ್ಟೇ, ಅದೇ ಎತ್ತರಕ್ಕೆ. ಅದು ತಪ್ಪಿದರೆ ಕಿರಣ ಬೀಳಬೇಕಾದ ಜಾಗವೂ ತಪ್ಪುತ್ತದೆ.

ಹದಿನೈದು ಎಂದೆ. ಮೊದಲು ಐದು ವಾರ, 25 ಸಲ ಕೊಡುತ್ತಿದ್ದದ್ದು ಈಗ ಬಹಳ ಮಂದಿಗೆ ಮೂರು ವಾರ, 15 ಸಲಕ್ಕೆ ಇಳಿದಿದೆ. ಬ್ರಿಟನ್ನಿನಲ್ಲಿ ನಡೆದ, 2020ರಲ್ಲಿ ಪ್ರಕಟವಾದ ಅಧ್ಯಯನದ ನಂತರ ಕೆಲವರಿಗೆ ಒಂದೇ ವಾರದಲ್ಲಿ 5 ಸಲ ಕೊಟ್ಟು ಮುಗಿಸುವುದೂ ಉಂಟು. ದಿನಕ್ಕೆ ಕೆಲವೇ ಸಲ ಉಸಿರು ಹಿಡಿದರೆ ಆಯಿತು, ನಡುನಡುವೆ ಬೇಕಾದಷ್ಟು ಸುಧಾರಿಸಿಕೊಳ್ಳಬಹುದು. ಬರ್ಮಿಂಗ್‌ಹ್ಯಾಮ್‌ನ ಮೈಕ್ ಪಾರ್ಕ್ಸ್ ಮತ್ತು ಸಂಗಡಿಗರು ವೆಂಟಿಲೇಟರ್ ಮೂಲಕ ಮೊದಲು ಆಕ್ಸಿಜನ್ ಕೊಟ್ಟು, ಕ್ಯಾನ್ಸರ್ ರೋಗಿಗಳು ಒಂದೇ ಉಸಿರಿನಲ್ಲಿ ಐದು ನಿಮಿಷ ದಾಟುವಂತೆ ಮಾಡಿದ್ದನ್ನು 2016ರಲ್ಲಿ ಬರೆದಿದ್ದಾರೆ. ಇಡೀ ದಿನದ ಚಿಕಿತ್ಸೆ ಒಂದೇ ಉಸಿರಿನಲ್ಲಿ ಮುಗಿದೀತು ಎಂಬುದು ಅವರ ಆಸೆ. ಮನೆಯಲ್ಲಿ ಯಾರೂ ಅದಕ್ಕೆ ಕೈಹಾಕಬೇಡಿ. ನಿಮಗೆ ಬೇಕಾದದ್ದು 20 ಸೆಕೆಂಡು.

ಎಲ್ಲರಿಗೂ ಇದು ಬೇಕಾಗುವುದಿಲ್ಲ. ಬಲ ಸ್ತನದ ಕಾಯಿಲೆಯವರಿಗೆ ಸಾಮಾನ್ಯವಾಗಿ ಇದರ ಗೊಡವೆಯಿಲ್ಲ. ಎಡಗಡೆಯವರಲ್ಲೂ ಕೆಲವರ ಹೃದಯ ಮೊದಲೇ ದೂರ ಇರುತ್ತದೆ. ಉಬ್ಬಸದವರಿಗೆ, ಒಲೆಯ ಹೊಗೆಯಲ್ಲಿ ಶ್ವಾಸಕೋಶ ಸೋತವರಿಗೆ ಕಷ್ಟವಾಗಬಹುದು. ಅಂಥವರಿಗೆ ಬೋರಲು ಮಲಗಿಸುವುದು, ಯಂತ್ರದೊಳಗಿನ ಲೋಹದ ಎಲೆಗಳಿಂದ ಹೃದಯಕ್ಕೆ ಮರೆ ಕಟ್ಟುವುದು, ಹೀಗೆ ಬೇರೆ ಉಪಾಯಗಳಿವೆ. ಕಿವಿ ಕೇಳದವರಿಗೆ ಪರದೆಯಲ್ಲಿ ಅಲೆಯನ್ನೇ ತೋರಿಸಿ ಮಾಡಿಸಬಹುದು.

ಎಡ ಸ್ತನಕ್ಕೆ ಕಿರಣ ಚಿಕಿತ್ಸೆ ಎಂದು ಚೀಟಿ ಬರೆದುಕೊಟ್ಟ ದಿನವೇ ಡಾಕ್ಟರನ್ನು ಕೇಳಿ: ‘ನನಗೆ ಉಸಿರು ಹಿಡಿಸಿ ಕೊಡುತ್ತೀರಾ?’ ಅವರು ಬೇಡ ಅಂದರೆ ಯಾಕೆ ಎಂದು ಕೇಳಿ ತಿಳಿದುಕೊಳ್ಳಿ. ಸ್ಕ್ಯಾನ್‌ಗೆ ಒಂದು ವಾರ ಇದೆ ಎನ್ನುವಾಗಲೇ ಮನೆಯಲ್ಲಿ ಚಾಪೆ ಹಾಸಿ, ಕೈ ಮೇಲೆತ್ತಿ ಮಲಗಿ, ದಿನಕ್ಕೆ ಎರಡು ಹೊತ್ತು ನಾಲ್ಕಾರು ಸಲ ಅಭ್ಯಾಸ ಮಾಡಿ. ಹತ್ತಕ್ಕೆ ಬಿಟ್ಟುಹೋದರೆ ನಾಳೆ ಹನ್ನೆರಡು. ಆಪರೇಷನ್ ಆದ ಕಡೆಯ ಕೈ ಮೇಲೇಳದಿದ್ದರೆ ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮವನ್ನು ಬಿಡಬೇಡಿ. ಕೈ ಎತ್ತಲಾಗದೆ ಚಿಕಿತ್ಸೆ ತಡವಾದವರನ್ನು ಉಸಿರು ನಿಲ್ಲದವರಿಗಿಂತ ಹೆಚ್ಚು ನೋಡಿದ್ದೇನೆ.

ನನ್ನ ಮೈಕಿನ ಪಕ್ಕದಲ್ಲಿ ಒಂದು ರಟ್ಟು ಅಂಟಿಸಿಕೊಂಡಿದ್ದೇನೆ. ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ ಎಂಬ ಮೂರು ಮಾತು ಅದರಲ್ಲಿ ತೆಲುಗು, ತಮಿಳು, ಉರ್ದು, ಹಿಂದಿಯಲ್ಲಿ, ಎಲ್ಲವೂ ಕನ್ನಡ ಅಕ್ಷರದಲ್ಲಿ ಇವೆ. ರೋಗಿಗಳ ಮಕ್ಕಳೇ ಹೇಳಿ ಬರೆಸಿದವು. ಹೋದ ವಾರ ಗದಗದ ಕಡೆಯ ಒಂದು ತಾಂಡಾದಿಂದ ಒಬ್ಬರು ಬಂದರು. ಕನ್ನಡ ಚೆನ್ನಾಗಿ ಬರುತ್ತದೆ. ಆದರೆ ಬಾಗಿಲು ಮುಚ್ಚಿ ಒಬ್ಬರೇ ಆದಾಗ, ಗಾಬರಿಯಲ್ಲಿ, ಕನ್ನಡ ಕಿವಿಯ ಹೊರಗೇ ನಿಂತುಬಿಡುತ್ತಿತ್ತು. ಅವರ ಮಗಳು ಮೂರೂ ಮಾತನ್ನು ಲಂಬಾಣಿಯಲ್ಲಿ ನನ್ನ ಫೋನಿಗೆ ಹೇಳಿ ಕೊಟ್ಟಿದ್ದಾಳೆ. ಅವರಿಗೆ ಚಿಕಿತ್ಸೆ ಶುರುವಾಗುವುದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ. ಇಲ್ಲಿಗೆ ಬರುವಾಗ ಬಸ್ಸಿನಲ್ಲಿ ಅದನ್ನೇ ಕೇಳಿಕೊಂಡು, ಬಾಯಲ್ಲಿ ಹೇಳಿಕೊಂಡು ಬಂದೆ. ಎರಡನೆಯ ಮಾತಿನ ಎಳೆತ ಇನ್ನೂ ಸರಿಯಾಗಿ ಕೂತಿಲ್ಲ. ಹೋಗುವಾಗ ಮತ್ತೆ ಕೇಳಿಕೊಳ್ಳಬೇಕು.